ಬಾಸ್ಕಲ್ಲು ಮೊದಲು, ಗೋಡೆ ಆಮೇಲೆ

ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಸಂಜೆಯ ರೈಲು ಇಳಿದು ಮಕ್ಕಳ ಆಸ್ಪತ್ರೆಯ ಕಡೆ ನಡೆದರೆ ಎಲ್ಲಾದರೂ ಒಂದು ಕಡೆ ಕನ್ನಡ ಕಿವಿಗೆ ಬೀಳುತ್ತದೆ. ಇಲ್ಲಿ ನೆಲೆಸಿದ ನಮ್ಮವರಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ. ಅವರ ಪರದೆಯ ಮೇಲೆ ಆಗಾಗ ಒಂದು ಪುಟ್ಟ ಹಳದಿ ಬಲ್ಬು ಹೊತ್ತಿಕೊಳ್ಳುತ್ತದೆ. ಅದರ ಹಿಂದಿರುವ ಬುದ್ಧಿ ತಿಳಿದುಕೊಳ್ಳುವಂಥದ್ದು.

ಆ ಆಸ್ಪತ್ರೆಯ ನೆನಪಿನಲ್ಲೇ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮಕ್ಕಳಿಗೆ ಎಷ್ಟೋ ಔಷಧಗಳನ್ನು ತೂಕ ನೋಡಿ ಕೊಡುತ್ತಾರೆ. ಪ್ರೋಗ್ರಾಮರ್ ಹೀಗೆ ಬರೆಯುತ್ತಾಳೆ: ಪ್ರಮಾಣ = ಡೋಸ್‌ಲೆಕ್ಕ(ತೂಕ, ಔಷಧ). 'ಡೋಸ್‌ಲೆಕ್ಕ' ಎಂಬ ಮೆಥಡ್, ಅಂದರೆ ಆ ಲೆಕ್ಕ ಮಾಡುವ ಕೋಡಿನ ತುಣುಕು, ಇನ್ನೂ ಹುಟ್ಟಿಯೇ ಇಲ್ಲ. ಕೋಡ್ ಬರೆಯುವ ತಂತ್ರಾಂಶವಾದ ಎಡಿಟರ್ ಆ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಬಲ್ಬು ತೋರಿಸುತ್ತದೆ. ಒತ್ತಿದರೆ ಖಾಲಿ ಮೆಥಡ್ ಒಂದು ಸಿದ್ಧ. ಇದೇ ಮೆಥಡ್ ಸ್ಟಬ್. ನಮ್ಮಲ್ಲಿ ಮನೆ ಕಟ್ಟುವಾಗ ಮೊದಲು ಬಾಸ್ಕಲ್ಲು ನಿಲ್ಲಿಸಿ ಪೂಜೆ ಮಾಡಿ, ಆಮೇಲೆ ಅದರ ಸುತ್ತ ಗೋಡೆ ಎಬ್ಬಿಸುವುದಿಲ್ಲವೇ, ಹಾಗೆ.

ಎಡಿಟರ್ ಇಲ್ಲಿ ಊಹೆ ಮಾಡುತ್ತಿಲ್ಲ, ತರ್ಕ ಮಾಡುತ್ತಿದೆ. ಶಾಲೆಯಲ್ಲಿ ನಾವು ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದಗಳಾಗಿ ಬಿಡಿಸುತ್ತಿದ್ದಂತೆ ಅದು ಪ್ರತಿ ಸಾಲನ್ನೂ ಬಿಡಿಸಿ ಮರದಂತೆ ಜೋಡಿಸಿಟ್ಟುಕೊಂಡಿರುತ್ತದೆ. ತೂಕ ದಶಮಾಂಶ ಸಂಖ್ಯೆ, ಔಷಧ ಅಕ್ಷರಗಳ ಸಾಲು ಎಂದು ಮೇಲಿನ ಸಾಲುಗಳಿಂದ ಅದಕ್ಕೆ ಗೊತ್ತು. ಉತ್ತರ ಹೋಗಿ ಕೂರುವ 'ಪ್ರಮಾಣ'ವೂ ದಶಮಾಂಶ. ಹಾಗಾದರೆ ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು ಎರಡೂ ನಿರ್ಧಾರವಾದಂತೆ. ಪೈಥಾನ್ ಭಾಷೆಯಲ್ಲಿ ಯಾವುದು ಸಂಖ್ಯೆ, ಯಾವುದು ಅಕ್ಷರ ಎಂಬ ವಿವರ ಬರೆಯದೆ ಬಿಟ್ಟಿದ್ದರೆ ಎಷ್ಟೋ ಸಲ ಹೆಸರುಗಳಷ್ಟೇ ಸಿಗುತ್ತವೆ.

ಇಂಥ ನೆರವು ಮೊದಲಿನಿಂದಲೂ ಇದ್ದದ್ದಲ್ಲ. ಆಸ್ಟ್ರೇಲಿಯಾದ ಮೊದಲ ಕಂಪ್ಯೂಟರ್ ಸಿಸಿರಾಕ್ 1949ರಲ್ಲಿ ಸಿಡ್ನಿಯಲ್ಲೇ ಓಡಿದ್ದು. ಅದಕ್ಕೆ ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಉಣಿಸಬೇಕಿತ್ತು. ಬಲ್ಬಿನ ಸೌಲಭ್ಯ ಜಾವಾ ಭಾಷೆಯಲ್ಲಿ ಬರೆಯುವವರಿಗೆ 2001ರ ಸುಮಾರಿಗೆ ಎಕ್ಲಿಪ್ಸ್, ಇಂಟೆಲಿಜೆ ಐಡಿಯಾ ಎಂಬ ಎಡಿಟರ್‌ಗಳ ಜೊತೆ ರೂಢಿಯಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಿಂದಾಗಿ ಒಂದು ಭಾಷೆಗೆ ಒಮ್ಮೆ ಕಟ್ಟಿದ ಈ ಜಾಣತನವನ್ನು ಹಲವು ಎಡಿಟರ್‌ಗಳು ಹಂಚಿಕೊಳ್ಳುವಂತಾಯಿತು.

ಇಷ್ಟೆಲ್ಲ ಸರಿ, ಆ ಖಾಲಿ ಮೆಥಡ್‌ನ ಒಳಗೆ ಏನು ತುಂಬಬೇಕು? ನನ್ನ ತಕರಾರು ಇಲ್ಲಿದೆ. ಸಂಖ್ಯೆ ಕೊಡುತ್ತೇನೆಂದು ಹೇಳಿದ ಮೆಥಡ್ ಸುಮ್ಮನಿದ್ದರೆ ಜಾವಾ ಕಂಪೈಲರ್ ಒಪ್ಪುವುದಿಲ್ಲ. ಅದಕ್ಕೆ ಎಕ್ಲಿಪ್ಸ್ 'ಟುಡು' ಎಂಬ ಟಿಪ್ಪಣಿ ಬರೆದು ಸೊನ್ನೆ ಹಿಂದಿರುಗಿಸುತ್ತದೆ. ವಿಷುವಲ್ ಸ್ಟುಡಿಯೋ ಎಂಬ ಎಡಿಟರ್ ಸಿ ಶಾರ್ಪ್ ಭಾಷೆಯಲ್ಲಿ 'ನಾಟ್ ಇಂಪ್ಲಿಮೆಂಟೆಡ್' ಎಂಬ ದೋಷವನ್ನು ಎಸೆಯುವ ಸಾಲು ಹಾಕುತ್ತದೆ. ಮೇಲ್ನೋಟಕ್ಕೆ ಸಣ್ಣ ಭೇದ. ಆದರೆ ನಮ್ಮ ಡೋಸ್‌ಲೆಕ್ಕವನ್ನು ತುಂಬಲು ಮರೆತೆವು ಎನ್ನಿ. ಎರಡನೆಯದು ಮೊದಲ ಸಲ ಓಡಿದಾಗಲೇ ಕೂಗಿ ನಿಲ್ಲುತ್ತದೆ. ಮೊದಲನೆಯದು ಯಾವ ಸದ್ದೂ ಮಾಡದೆ ಎಲ್ಲ ಮಕ್ಕಳಿಗೂ ಸೊನ್ನೆ ಡೋಸ್ ಎಂದು ಉತ್ತರ ಕೊಡುತ್ತಲೇ ಹೋಗುತ್ತದೆ. ಬರೆಯದ ಲೆಕ್ಕಕ್ಕೆ ಉತ್ತರ ಕೊಡುವುದು ಸುಳ್ಳು ಹೇಳಿದಂತೆ. ಎರಡನೆಯ ದಾರಿಯೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಕ್ಲಿಪ್ಸ್ ಬಳಸುವವರು ಸೆಟ್ಟಿಂಗ್‌ನಲ್ಲಿ ಜಾವಾದ ಕೋಡ್ ಟೆಂಪ್ಲೇಟ್ ತೆರೆದು, ಮೆಥಡ್ ಬಾಡಿಯಲ್ಲಿ ಈಗಿರುವುದರ ಬದಲು ದೋಷ ಎಸೆಯುವ ಸಾಲನ್ನು ಹಾಕಿಕೊಳ್ಳಬಹುದು. ಎರಡು ನಿಮಿಷದ ಕೆಲಸ. ಇವತ್ತೇ ಮಾಡಿಬಿಡಿ.