ಪರಗೃಹಪಾಲನೆಯೂ ದೇಶದರ್ಶನವೂ

ಉದ್ಯೋಗದಿಂದ ನಿವೃತ್ತರಾದವರಿಗೆ ಕಾಲವು ಯಥೇಚ್ಛವಾಗಿಯೂ ದ್ರವ್ಯವು ಮಿತವಾಗಿಯೂ ಇರುವುದು ಲೋಕರೂಢಿ. ಅವರಲ್ಲಿ ದೇಶಾಟನದ ರುಚಿ ಕಂಡವರಿಗೆ ಇನ್ನೊಂದು ಅತೃಪ್ತಿಯೂ ಉಂಟು. ಅರಮನೆ, ದೇವಾಲಯ, ವಸ್ತುಸಂಗ್ರಹಾಲಯಗಳನ್ನೆಲ್ಲ ನೋಡಿ ಮುಗಿಸಿದ ಮೇಲೂ ಆ ಊರಿನ ಜನರು ಬೆಳಗಾಗೆದ್ದು ಹೇಗೆ ಬಾಳುವರೆಂಬುದು ಅವರಿಗೆ ತಿಳಿದಿರುವುದಿಲ್ಲ. ಹೋಟೆಲಿನ ಕೊಠಡಿಯು ಲಂಡನ್ನಿನಲ್ಲಿಯೂ ಸಿಡ್ನಿಯಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾದುದಷ್ಟೆ. ಈ ಕೊರತೆಯನ್ನು ನೀಗುವ ಏರ್ಪಾಡೊಂದು ಇಂಗ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕ ಮುಂತಾದ ದೇಶಗಳಲ್ಲಿ ಬಳಕೆಗೆ ಬಂದಿದೆ. ಅವರು ಅದನ್ನು ಹೌಸ್ ಸಿಟಿಂಗ್ ಎನ್ನುವರು. ನಾವು ಪರಗೃಹಪಾಲನೆಯೆಂದು ಕರೆಯಬಹುದು.

ಅದರ ಕ್ರಮವು ಸರಳವಾದುದು. ಗೃಹಸ್ಥರು ಕೆಲವು ವಾರಗಳ ಮಟ್ಟಿಗೆ ಪರಸ್ಥಳಕ್ಕೆ ಹೊರಡುವಾಗ ತಮ್ಮ ಮನೆಯನ್ನೂ ಸಾಕಿದ ನಾಯಿ ಬೆಕ್ಕುಗಳನ್ನೂ ನಂಬಿಕೆಗೆ ಅರ್ಹರಾದವರಿಗೆ ಒಪ್ಪಿಸಿ ಹೋಗುವರು. ಒಪ್ಪಿಕೊಂಡವರು ಸಾಮಾನ್ಯವಾಗಿ ಬಾಡಿಗೆ ಕೊಡುವುದಿಲ್ಲ, ಸಂಬಳವನ್ನೂ ಪಡೆಯುವುದಿಲ್ಲ. ಉಭಯರನ್ನೂ ಕೂಡಿಸಲು ಅಂತರ್ಜಾಲದಲ್ಲಿ ಸಂಸ್ಥೆಗಳಿವೆ. 2010ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್ ಅವುಗಳಲ್ಲೊಂದು. ಅದರ ಸದಸ್ಯರು ವರ್ಷಕ್ಕಿಷ್ಟೆಂದು ಚಂದಾ ಸಲ್ಲಿಸುತ್ತಾರೆ. ಇದಕ್ಕೂ ಬಹಳ ಹಿಂದೆ, 1953ರಲ್ಲಿಯೇ, ಯೂರೋಪಿನ ಕೆಲವು ಉಪಾಧ್ಯಾಯರು ರಜಾಕಾಲದಲ್ಲಿ ಮನೆಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲು ಇಂಟರ್‌ವ್ಯಾಕ್ ಎಂಬ ಕೂಟವನ್ನು ಕಟ್ಟಿದ್ದರು. ಪಾಠ ಹೇಳಿ ಬದುಕಿದ ನಮಗೆ ಇದು ಸಂತೋಷದ ಸಂಗತಿ. ಉಪಾಧ್ಯಾಯನ ಹಗುರವಾದ ಹಣದ ಚೀಲವು ಎಲ್ಲ ದೇಶಗಳಲ್ಲಿಯೂ ಯುಕ್ತಿಯನ್ನು ಕಲಿಸುತ್ತದೆ.

ಬಾಡಿಗೆಯಿಲ್ಲದೆ ಮನೆಯನ್ನು ಬಿಟ್ಟುಕೊಡುವುದೇಕೆಂದು ವಾಚಕರು ಕೇಳಬಹುದು. ಮುದಿನಾಯಿಯು ಅಪರಿಚಿತ ಸ್ಥಳದಲ್ಲಿ ಕೊರಗಬಹುದು. ಬೆಕ್ಕಿಗಂತೂ ಒಡೆಯನಿಗಿಂತ ಮನೆಯ ಮೇಲೆಯೇ ಮಮತೆ ಹೆಚ್ಚೆನ್ನುವರು. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಕೊಳಾಯಿಯೊಳಗಿನ ನೀರು ಹೆಪ್ಪುಗಟ್ಟಿ, ಕೊಳವೆಯೊಡೆದು, ಮನೆಯೆಲ್ಲ ನೀರಾಗುವುದುಂಟು. ಅಲ್ಲಿನ ಅನೇಕ ವಿಮಾಪತ್ರಗಳಲ್ಲಿ, ಮನೆಯು 30 ಅಥವಾ 60 ದಿನಗಳಿಗಿಂತ ಹೆಚ್ಚಾಗಿ ಬರಿದಾಗಿದ್ದರೆ ಪರಿಹಾರವು ಮೊಟಕಾಗುವುದೆಂಬ ನಿಬಂಧನೆಯೂ ಇರುತ್ತದೆ. ಆದುದರಿಂದ ಮನೆಯಲ್ಲೊಂದು ಮನುಷ್ಯಜೀವವಿರುವುದೇ ಒಡೆಯರಿಗೆ ಲಾಭ.

ಇನ್ನು ಪಾಲಕರಿಗೆ ಆಗುವ ಲಾಭ. ನಾಯಿಯನ್ನು ಬೆಳಿಗ್ಗೆ ಸಂಜೆ ಸುತ್ತಾಡಿಸಲೇಬೇಕು. ಬಹುಹೊತ್ತು ಒಂಟಿಯಾಗಿ ಬಿಡುವಂತಿಲ್ಲ. ಒಂದೇ ದಿನದಲ್ಲಿ ನಾಲ್ಕೂರು ನೋಡಬೇಕೆನ್ನುವವರಿಗೆ ಇದು ಸಂಕೋಲೆ. ನೋಡಬೇಕಾದುದನ್ನು ನೋಡಿ ಮುಗಿಸಿದ ಹಿರಿಯರಿಗಾದರೋ ಇದೇ ಅನುಕೂಲ. ನಿತ್ಯವೂ ಅದೇ ಬೀದಿಯಲ್ಲಿ ನಡೆದವರನ್ನು ನೆರೆಯವರು ನಾಲ್ಕನೆಯ ದಿನ ಮಾತನಾಡಿಸುವರು, ರೊಟ್ಟಿಯಂಗಡಿಯವನು ಗುರುತಿಸುವನು, ಊರಿನ ಪುಸ್ತಕಭಂಡಾರದಲ್ಲಿ ಕುಳಿತು ಓದುವುದಕ್ಕೆ ಆಸನವೊಂದು ದೊರೆಯುವುದು. ಹೋದಲ್ಲೆಲ್ಲ ಬೇಡದವರಾದೆವೆಂದು ಮುಪ್ಪಿನಲ್ಲಿ ಮರುಗುವವರಿಗೆ, ಬಾಗಿಲಲ್ಲಿ ತಮ್ಮನ್ನೇ ಕಾಯುವ ಪ್ರಾಣಿಯೊಂದು ಇದೆಯೆಂಬುದು ಸಣ್ಣ ಸಮಾಧಾನವಲ್ಲ.

ಆದರೆ ಎಚ್ಚರಿಕೆಯೂ ಬೇಕು. ವಸತಿಗೆ ಪ್ರತಿಯಾಗಿ ಮಾಡುವ ಸೇವೆಯನ್ನು ಸಂಬಳವಿಲ್ಲದಿದ್ದರೂ ಉದ್ಯೋಗವೆಂದೇ ಎಣಿಸುವ ಸರ್ಕಾರಗಳಿವೆ. 2022ರಲ್ಲಿ ಅಮೆರಿಕದ ಒಂದು ವಿಮಾನ ನಿಲ್ದಾಣದಲ್ಲಿ ಈ ಕಾರಣದಿಂದಲೇ ಪರದೇಶದ ಪ್ರವಾಸಿಯೊಬ್ಬರನ್ನು ಹಿಂದಕ್ಕೆ ಕಳುಹಿಸಿದರು. ಪ್ರವಾಸಿಯ ವೀಸಾ ಹಿಡಿದು ಹೊರಡುವವರು ಆಯಾ ದೇಶದ ನಿಯಮವನ್ನು ಮುಂಚಿತವಾಗಿ ವಿಚಾರಿಸಿ, ಅಧಿಕಾರಿಗಳಿಗೆ ನಿಜವನ್ನೇ ನುಡಿಯತಕ್ಕದ್ದು. ಮನೆಯೊಡೆಯರ ಪ್ರಯಾಣವು ನಿಂತುಹೋದರೆ ತಂಗಲು ಬೇರೆ ಸ್ಥಳಕ್ಕಾಗುವಷ್ಟು ಹಣವು ಕೈಯಲ್ಲಿರಬೇಕು. ಪಶುವೈದ್ಯರ ವಿಳಾಸ, ನೀರು ನಿಲ್ಲಿಸುವ ತಿರುಪು ಇರುವೆಡೆ, ನೆರೆಯವರ ಹೆಸರು, ಇವುಗಳನ್ನು ಬೀಗದ ಕೈಯೊಡನೆಯೇ ಕೇಳಿ ಬರೆದಿಟ್ಟುಕೊಳ್ಳಬೇಕು.

ನಂಬಿ ಒಪ್ಪಿಸಿದ ವಸ್ತುವಿಗೆ ನಮ್ಮ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದು ಹೆಸರಿಟ್ಟರು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಅದು ಎರಡನೆಯದು. ಕೊಟ್ಟಂತೆಯೇ ಹಿಂದಕ್ಕೊಪ್ಪಿಸುವುದು ಅದರ ಧರ್ಮ. ಮೊಹರು ಮಾಡಿದ ಗಂಟನ್ನು ಕಾಯುವುದಕ್ಕಿಂತ ಉಸಿರಾಡುವ ಪ್ರಾಣಿಯನ್ನು ಕಾಯುವುದು ಕಠಿನತರವಾದುದು. ಇದನ್ನರಿಯದೆ, ಪುಕ್ಕಟೆಯ ಬಿಡಾರವೆಂದು ಮಾತ್ರ ತಿಳಿದು ಹೋಗುವವರು ಹೋಗದಿರುವುದೇ ಲೇಸು.

ಮಕ್ಕಳಿರುವಲ್ಲಿಗೆಂದು ಪರದೇಶಕ್ಕೆ ಹೋಗಿ ಆರು ತಿಂಗಳಿದ್ದು ಬಂದ ನಮ್ಮ ಕನ್ನಡ ದಂಪತಿಗಳಿಗೆ ಅಲ್ಲಿನ ಒಲೆ, ಬೀಗ, ಬೀದಿಗಳ ಪರಿಚಯ ಈಗಾಗಲೇ ಆಗಿರುತ್ತದೆ. ಊರಿಗೆ ಹೋಗುವ ನೆರೆಮನೆಯವರ ತುಳಸಿಗೆ ನೀರೆರೆದು ಬಾಗಿಲಿಗೆ ದೀಪವಿಡುವ ವಾಡಿಕೆಯೂ ನಮಗೆ ಹೊಸದಲ್ಲ. ಆಸಕ್ತಿಯುಳ್ಳವರು ಮೊದಲು ಧಾರವಾಡದಲ್ಲೋ ಮೈಸೂರಿನಲ್ಲೋ ಇರುವ ಬಂಧುಗಳ ಮನೆಯನ್ನು ಹದಿನೈದು ದಿನ ನೋಡಿಕೊಂಡು ತಮ್ಮ ಸಹನೆಯನ್ನು ಪರೀಕ್ಷಿಸಿಕೊಳ್ಳಲಿ. ಬಂಧುಗಳು ಹಿಂದಿರುಗಿ ಮುಂದಿನ ವರ್ಷವೂ ಬನ್ನಿರೆಂದು ಕರೆದರೆ, ಆಗ ದೂರದ ಹಾದಿಯನ್ನು ಯೋಚಿಸಬಹುದು.