ಸ್ಫಿಂಕ್ಸಿನ ಹಗಲು, ಸ್ಫಿಂಕ್ಸಿನ ಇರುಳು

ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹದ ಚಿತ್ರವನ್ನು ಪಠ್ಯಪುಸ್ತಕಗಳಲ್ಲಿ ನೋಡದ ವಿದ್ಯಾರ್ಥಿಗಳು ವಿರಳ. ಆ ವಿಗ್ರಹವನ್ನು ಯೋಶಿದಾ ಹಿರೋಶಿ (1876–1950) ಎಂಬ ಜಪಾನೀ ಕಲಾವಿದನು 1925ರಲ್ಲಿ ಮರದ ಅಚ್ಚುಗಳಿಂದ ಎರಡು ವರ್ಣಚಿತ್ರಗಳಾಗಿ ಮುದ್ರಿಸಿದನು. ಒಂದರಲ್ಲಿ ಹಗಲು, ಇನ್ನೊಂದರಲ್ಲಿ ಇರುಳು. ರೇಖೆಗಳು ಎರಡರಲ್ಲಿಯೂ ಒಂದೇ. ಬೇರೆಯಾಗಿರುವುದು ಬಣ್ಣ ಮಾತ್ರ. ಇವನ್ನು ಕಂಡವರು ‘ಜಪಾನೀ ಕಲೆ’ ಎಂದು ಹೇಳಿ ಸುಮ್ಮನಾಗುವುದುಂಟು. ಆ ಮಾತು ಅರ್ಧ ಮಾತ್ರ ನಿಜವೆಂದು ನಮ್ಮ ಅಭಿಪ್ರಾಯ.

ಈ ಮುದ್ರಣದ ಕ್ರಮವನ್ನು ಮೊದಲು ತಿಳಿಯೋಣ. ಚೆರಿ ಮರದ ನಯವಾದ ಹಲಗೆಯ ಮೇಲೆ ರೇಖೆಗಳನ್ನು ಮಾತ್ರ ಉಳಿಸಿ, ಮಿಕ್ಕ ಭಾಗವನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಇದು ಮೂಲ ಅಚ್ಚು. ಬಣ್ಣಗಳಿಗೆ ಪ್ರತ್ಯೇಕ ಅಚ್ಚುಗಳಿರುತ್ತವೆ. ಬಟ್ಟೆಗೆ ಅಚ್ಚು ಹಾಕುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಆದರೆ ಇಷ್ಟೊಂದು ಅಚ್ಚುಗಳು ಕೂದಲೆಳೆಯಷ್ಟೂ ಸರಿಯದೆ ಒಂದರ ಮೇಲೊಂದು ಕೂಡಬೇಕಷ್ಟೆ! ಅದಕ್ಕಾಗಿ ಪ್ರತಿ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಕಚ್ಚನ್ನು ಕೊರೆದಿರುತ್ತಾರೆ. ಪ್ರತಿ ಬಾರಿಯೂ ಕಾಗದವನ್ನು ಆ ಕಚ್ಚುಗಳಿಗೆ ತಾಗಿಸಿ ಇಡುತ್ತಾರೆ. ಕಾಗದವಾದರೋ ನಮ್ಮ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಒಂದು ಗಿಡದ ತೊಗಟೆಯ ನಾರಿನದು. ಅದನ್ನು ತೇವಗೊಳಿಸಿ ಹಾಸಿ, ಬೆನ್ನಿನ ಮೇಲೆ ಬಿದಿರಿನ ಪೊರೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಉಜ್ಜುತ್ತಾರೆ. ಯಂತ್ರದ ಪ್ರಮೇಯವೇ ಇಲ್ಲ.

ತಿಳಿಯಾದ ಬೆಳಿಗ್ಗೆ ಹೆಬ್ಬಾಳ ಕೆರೆಯ ಏರಿಯ ಮೇಲೆ ನಿಂತು ಆಕಾಶವನ್ನು ನೋಡಿರಿ. ನೆತ್ತಿಯ ಮೇಲೆ ಗಾಢವಾದ ನೀಲಿ, ದಿಗಂತದ ಬಳಿ ಬಿಳುಪು. ದಿಗಂತದ ಕಡೆಯಿಂದ ಬರುವ ಬೆಳಕು ಹೆಚ್ಚು ವಾಯುವನ್ನು ಹಾದು, ಮತ್ತೆ ಮತ್ತೆ ಚದುರಿ ನಮ್ಮನ್ನು ತಲಪುವುದೇ ಇದಕ್ಕೆ ಕಾರಣ. ಈ ಇಳಿತವನ್ನು ಮರದ ಅಚ್ಚಿನಲ್ಲಿ ತೋರಿಸುವ ಬಗೆ ಹೇಗೆ? ಹಲಗೆಯನ್ನು ಒದ್ದೆ ಮಾಡಿ, ಕುಂಚದ ಒಂದು ಬದಿಗೆ ಮಾತ್ರ ಬಣ್ಣ ಹಚ್ಚಿ ಎಳೆದರೆ ಬಣ್ಣವು ಕ್ರಮೇಣ ನೀರಿನಲ್ಲಿ ಕರಗಿ ಮಾಯವಾಗುತ್ತದೆ. ಜಪಾನೀಯರು ಇದನ್ನು ‘ಬೊಕಾಶಿ’ ಎನ್ನುತ್ತಾರೆ. ಪ್ರತಿ ಪ್ರತಿಗೂ ಹೊಸದಾಗಿ ಎಳೆಯಬೇಕಾದುದರಿಂದ ಎರಡು ಪ್ರತಿಗಳು ಪೂರ್ತಿ ಒಂದೇ ಆಗಿರುವುದಿಲ್ಲ.

ಇದಿಷ್ಟು ಜಪಾನಿನದು. ಆದರೆ ಯೋಶಿದಾ ಕಲಿತದ್ದು ಪಾಶ್ಚಾತ್ಯ ರೀತಿಯ ತೈಲಚಿತ್ರ ಹಾಗೂ ಜಲವರ್ಣವನ್ನು. ದೂರ–ಸಮೀಪಗಳ ಪ್ರಮಾಣ, ಕಲ್ಲಿನ ಮೇಲೆ ಬೀಳುವ ನೆರಳಿನ ಲೆಕ್ಕ ಅವನಿಗೆ ಅಲ್ಲಿಂದ ಬಂದವು. ಒಂದೇ ವಸ್ತುವನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ತೋರಿಸುವುದು ಅವನಿಗೆ ಪ್ರಿಯ; 1926ರಲ್ಲಿ ಹಾಯಿದೋಣಿಗಳನ್ನು ಬೆಳಗು, ಮಂಜು, ಸಂಜೆ, ಇರುಳು ಎಂದು ಹೀಗೆಯೇ ಮುದ್ರಿಸಿದನು. ಫ್ರಾನ್ಸಿನ ಮೊನೆ ರುವಾನ್ ನಗರದ ಇಗರ್ಜಿಯನ್ನು 1892–94ರಲ್ಲಿ ಹಾಗೆಯೇ ಚಿತ್ರಿಸಿದ್ದನು. ಸ್ವಾರಸ್ಯವೇನೆಂದರೆ ಆ ಮೊನೆಯ ಮನೆಯ ಗೋಡೆಗಳ ತುಂಬ ಜಪಾನೀ ಅಚ್ಚುಚಿತ್ರಗಳಿದ್ದವು!

ನೀಲಿಯ ಕಥೆಯೂ ಇಂತಹುದೇ. ಹೊಕುಸಾಯಿಯ ಫ್ಯೂಜಿ ಪರ್ವತದ ಚಿತ್ರಗಳನ್ನು ಪ್ರಸಿದ್ಧಗೊಳಿಸಿದ ಗಾಢ ನೀಲಿಯು 18ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಕಬ್ಬಿಣದ ಸಂಯುಕ್ತ. ‘ಪ್ರಷ್ಯನ್ ನೀಲಿ’ ಎಂದು ಅದರ ಹೆಸರು. ಜಪಾನಿನ ಹೂವಿನ ನೀಲಿಯು ಬೇಗ ಮಾಸುತ್ತಿತ್ತು, ಇದು ಹಾಗಲ್ಲ. ‘ಅಪ್ಪಟ ಜಪಾನೀ ನೀಲಿ’ ಎಂದು ನಾವು ಮೆಚ್ಚುವುದು ಜರ್ಮನಿಯ ಬಣ್ಣವನ್ನು.

ಇಂತಹ ಕೊಡುಕೊಳೆ ನಮ್ಮ ನಾಡನ್ನೂ ಮುಟ್ಟಿದೆ. 1903ರಲ್ಲಿ ಯೋಕೊಯಾಮಾ ತಾಯ್ಕಾನ್, ಹಿಶಿದಾ ಶುನ್ಸೊ ಎಂಬ ಜಪಾನೀ ಚಿತ್ರಕಾರರು ಕಲ್ಕತ್ತೆಗೆ ಬಂದಿದ್ದರು. ಅವನೀಂದ್ರನಾಥ ಠಾಕೂರರು ಅವರಿಂದ ಪ್ರೇರಿತರಾಗಿ, ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೊಯ್ಯಿಸಿ ಮಂಜಿನ ಛಾಯೆ ತರುವ ವಿಧಾನವನ್ನು ರೂಢಿಸಿದರು. 1909ರಲ್ಲಿ ಮೈಸೂರಿನಿಂದ ಹೋಗಿ ಅವರ ಶಿಷ್ಯರಾದವರು ಕೆ. ವೆಂಕಟಪ್ಪನವರು (1886–1965). ಅವರು ಆ ವಿಧಾನದಲ್ಲೇ ನಿಲ್ಲದೆ, ಉದಕಮಂಡಲದ ಮಳೆಮೋಡ, ಮಂಜುಗಳನ್ನು ಜಲವರ್ಣದಲ್ಲಿ ಬಹು ಸೂಕ್ಷ್ಮವಾಗಿ ಚಿತ್ರಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯು ಅವರ ಹೆಸರಿನದೇ. ಆ ಚಿತ್ರಗಳನ್ನು ನೋಡುವಾಗ, ಬಣ್ಣವು ಎಲ್ಲಿ ಗಾಢವಾಗಿ ಎಲ್ಲಿ ನೀರಿನಲ್ಲಿ ಕರಗಿಹೋಗಿದೆಯೆಂಬುದನ್ನು ವಾಚಕರು ಗಮನಿಸಬಹುದು.