ಮಗುವಿನ ಜೀವನಾಂಶ: ಕೊಡಿಸುವವರು ಯಾರು?

ಯಾದವಗಿರಿಯ ಬಾಡಿಗೆ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಗಂಡ ಹೆಂಡತಿ ಬೇರೆಯಾಗಿ ಒಂದೂವರೆ ವರ್ಷವಾಗಿದೆ. ಗಂಡನಿಗೆ ಬೆಂಗಳೂರಿನಲ್ಲಿ ತಿಂಗಳ ಸಂಬಳದ ಕೆಲಸ. ಹೆಂಡತಿ ಮೇಟಗಳ್ಳಿ ಕಡೆಯ ಕಾರ್ಖಾನೆಯೊಂದಕ್ಕೆ ಹೋಗಿ ಬರುತ್ತಾಳೆ. ಎಂಟು ವರ್ಷದ ಮಗಳು ತಾಯಿಯ ಜೊತೆಗಿದ್ದಾಳೆ. ಜೂನ್ ಬಂತು, ಶಾಲೆಯ ಫೀಸು, ಯೂನಿಫಾರಂ, ಶೂ, ಪುಸ್ತಕ, ಆಟೋದವನಿಗೆ ಮುಂಗಡ ಎಲ್ಲವೂ ಒಟ್ಟಿಗೇ ಬಂದು ನಿಂತಿವೆ. ಪಕ್ಕದ ಮನೆಯವರು ಕಾಳಜಿಯಿಂದಲೇ ಹೇಳುತ್ತಾರೆ: "ನೀನೊಬ್ಬಳೇ ಯಾಕಮ್ಮಾ ಒದ್ದಾಡ್ತೀಯ? ಒಂದು ಅರ್ಜಿ ಹಾಕು. ಗವರ್ನಮೆಂಟಿನವರೇ ಅವನ ಸಂಬಳದಲ್ಲಿ ಹಿಡಿದು ಕೊಡಿಸ್ತಾರೆ."

ಈ ಮಾತಿನಲ್ಲಿ ಅರ್ಧ ನಿಜವಿದೆ. ಸಂಬಳದಲ್ಲಿ ಹಿಡಿಸಲು ಕಾನೂನಿನಲ್ಲಿ ದಾರಿಯುಂಟು. ಆದರೆ ತಾನಾಗಿ ಹಿಡಿದು ಕೊಡಿಸುವ ಸರ್ಕಾರಿ ಕಚೇರಿ ಮಾತ್ರ ನಮ್ಮಲ್ಲಿಲ್ಲ.

ಅಂಥ ಕಚೇರಿ ಇರುವ ದೇಶಗಳಿವೆ. ಅಮೆರಿಕ 1975ರಲ್ಲೇ ಇದಕ್ಕಾಗಿ ಕೇಂದ್ರ ಕಾನೂನು ಮಾಡಿತು. ಆಸ್ಟ್ರೇಲಿಯ 1988ರಲ್ಲಿ ವಸೂಲಿಯ ಹೊಣೆಯನ್ನು ಆದಾಯ ತೆರಿಗೆ ಇಲಾಖೆಗೇ ಒಪ್ಪಿಸಿತು. ಬ್ರಿಟನ್ನಿನಲ್ಲಿ 1993ರಿಂದ ಇದಕ್ಕೆಂದೇ ಒಂದು ಏಜೆನ್ಸಿ ನಡೆಯಿತು. ಬಾಕಿಯ ಬೆಟ್ಟ ಬೆಳೆದು ಹೆಸರು ಕೆಡಿಸಿಕೊಂಡ ಮೇಲೆ 2012ರಿಂದ ಬೇರೊಂದು ವ್ಯವಸ್ಥೆ ಬಂತು. ಅಲ್ಲಿ ತಾಯಿಯೋ ತಂದೆಯೋ ಅರ್ಜಿ ಕೊಟ್ಟರೆ ಕಚೇರಿಯೇ ಆದಾಯ ನೋಡಿ ಮೊತ್ತ ಲೆಕ್ಕ ಹಾಕುತ್ತದೆ. ಕೊಡದಿದ್ದರೆ ಮಾಲೀಕನಿಗೆ ಪತ್ರ ಬರೆದು ಸಂಬಳದಲ್ಲೇ ಮುರಿಸುತ್ತದೆ. ನಮ್ಮಲ್ಲಿ ಈ ಲೆಕ್ಕವನ್ನೂ ವಸೂಲಿಯನ್ನೂ ಮಾಡುವುದು ನ್ಯಾಯಾಲಯ. ಅದೂ ಯಾರಾದರೂ ಹೋಗಿ ಕೇಳಿದಾಗ ಮಾತ್ರ.

ಕೇಳಬೇಕಾದ ಕಲಂ ಇರುವ ಜಾಗವೇ ವಿಚಿತ್ರ. ಮಗುವಿನ ಅನ್ನದ ಮಾತು ಕಳ್ಳತನ, ಕೊಲೆಗಳ ವಿಚಾರಣೆಯ ಕ್ರಮ ಹೇಳುವ ಪುಸ್ತಕದಲ್ಲಿದೆ! 1872ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲೇ ಅದಿತ್ತು. 1898ರಲ್ಲಿ 488ನೆಯ ಕಲಂ ಆಯಿತು. 1973ರಲ್ಲಿ ಹೆಸರಾಂತ 125ನೆಯ ಕಲಂ ಆಯಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಆಗಿದೆ. ಕೋರ್ಟಿನ ಆವರಣದಲ್ಲಿ ಇಂದಿಗೂ "ಒನ್ ಟ್ವೆಂಟಿಫೈವ್" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಬ್ರಿಟಿಷರ ಕಾಳಜಿ ಕುಟುಂಬದ ಬಗ್ಗೆ ಇದ್ದದ್ದಕ್ಕಿಂತ ಹೆಚ್ಚಾಗಿ ಬೀದಿಯ ಬಗ್ಗೆ ಇತ್ತು. ಕೈಬಿಟ್ಟ ಹೆಂಡತಿ ಮಕ್ಕಳು ಅಲೆಮಾರಿಗಳಾಗಬಾರದು, ಸರ್ಕಾರಕ್ಕೆ ಹೊರೆಯಾಗಬಾರದು ಎಂಬುದು ಅದರ ಹಿಂದಿನ ಯೋಚನೆ. ಆದರೆ ಅದರಿಂದ ಒಂದು ಒಳ್ಳೆಯದೂ ಆಯಿತು. ಈ ಕಲಂ ಜಾತಿ ಮತ ಕೇಳುವುದಿಲ್ಲ. ಮಗು ಮದುವೆಯೊಳಗೆ ಹುಟ್ಟಿತೋ ಹೊರಗೆ ಹುಟ್ಟಿತೋ ಎಂದೂ ಕೇಳುವುದಿಲ್ಲ.

ಮುಸ್ಲಿಂ ಕುಟುಂಬಗಳ ಮಕ್ಕಳ ವಿಷಯದಲ್ಲಿ ಕೆಲಕಾಲ ಗೊಂದಲವಿತ್ತು. ಶಾ ಬಾನೊ ತೀರ್ಪಿನ ಮಾರನೆಯ ವರ್ಷ, 1986ರಲ್ಲಿ ಬಂದ ಕಾಯಿದೆ ವಿಚ್ಛೇದಿತ ತಾಯಿಗೆ ಮಗು ಹುಟ್ಟಿದ ಎರಡು ವರ್ಷದವರೆಗಿನ ಪಾಲನೆಯ ಹಣವನ್ನಷ್ಟೇ ಹೇಳಿತ್ತು. ಅದು ತಾಯಿಯ ಹಕ್ಕು, ಮಗುವಿನದು ಬೇರೆಯೇ ಹಕ್ಕು, ಅದು 125ರ ಅಡಿ ಹಾಗೆಯೇ ಉಳಿದಿದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಸ್ಪಷ್ಟಪಡಿಸಿತು.

ಹಳೆಯ ಮೈಸೂರಿನವರು ಇಲ್ಲಿ ಒಂದು ಮಾತನ್ನು ಅಭಿಮಾನದಿಂದ ನೆನೆಯಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಆಸ್ತಿಯ ಹಕ್ಕಿನ ಜೊತೆಗೆ, ತಕ್ಕ ಕಾರಣವಿದ್ದರೆ ಹೆಂಡತಿ ಬೇರೆ ಮನೆ ಮಾಡಿಕೊಂಡು ಜೀವನಾಂಶ ಕೇಳಬಹುದೆಂಬ ಅಂಶವೂ ಅದರಲ್ಲಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಇದೇ ಮಾತಿಗೆ ಕಾಯಿದೆಯಾದದ್ದು 1946ರಲ್ಲಿ. ಆದರೂ ಅದು ಹೆಂಡತಿಯ ಹಕ್ಕಿನ ಕಾಯಿದೆ. ಮಗು ಅವಳ ಸೆರಗಿನ ಹಿಂದೆಯೇ ನಿಂತಿತ್ತು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ 1956ರಲ್ಲಿ ಬಂದಾಗ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆಯ ಮೇಲೆ ಮಾತ್ರವಲ್ಲ, ತಾಯಿಯ ಮೇಲೂ ಬರೆಯಲಾಯಿತು. ಮದುವೆಯಾಗದ ಮಗಳಿಗೆ ಸ್ವಂತ ಆದಾಯವಿಲ್ಲದಿದ್ದರೆ ಹದಿನೆಂಟು ತುಂಬಿದ ಮೇಲೂ ಈ ಕಾಯಿದೆಯಡಿ ಕೇಳಬಹುದು.

ಹಕ್ಕು ಇದ್ದರೂ ಮೊತ್ತ ಎಷ್ಟಿತ್ತು ಎಂಬುದು ಇನ್ನೊಂದು ಕಥೆ. 1955ರಲ್ಲಿ ಗರಿಷ್ಠ ಮಿತಿ ತಿಂಗಳಿಗೆ ಐದುನೂರು ರೂಪಾಯಿಗೆ ಏರಿತು. ಆ ಮೇಲೆ ಅಕ್ಕಿಯ ಬೆಲೆ ಏರಿತು, ಬಾಡಿಗೆ ಏರಿತು, ಸಂಬಳ ಏರಿತು. ಸಂಹಿತೆಯ ಐದುನೂರು ಮಾತ್ರ ಏರಲಿಲ್ಲ. ಈ ಮಿತಿ ಇಡೀ ಕುಟುಂಬಕ್ಕಲ್ಲ, ತಲೆಗೊಂದರಂತೆ ಎಂದು 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಹೇಳಬೇಕಾಯಿತು. ಶಾ ಬಾನೊ ಅವರಿಗೆ ಮೊದಲು ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಅದನ್ನು ಏರಿಸಿದ್ದು 179 ರೂಪಾಯಿ 20 ಪೈಸೆಗೆ. ದೇಶವನ್ನೇ ಅಲುಗಿಸಿದ ಮೊಕದ್ದಮೆಯ ಮೊತ್ತ ಅಷ್ಟು! 2001ರಲ್ಲಿ ಸಂಸತ್ತು ಈ ಮಿತಿಯನ್ನೇ ಕಿತ್ತುಹಾಕಿತು. ಮೊಕದ್ದಮೆ ಮುಗಿಯುವವರೆಗೆ ಕೈಗೆ ಸಿಗುವ ಮಧ್ಯಂತರ ಜೀವನಾಂಶವನ್ನು, ನೋಟಿಸು ತಲುಪಿದ ಅರವತ್ತು ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದೂ ಸೇರಿಸಿತು.

ಈಗ ಯಾದವಗಿರಿಯ ತಾಯಿಯ ಬಳಿಗೆ ಬರೋಣ. ಅವಳು ಬೆಂಗಳೂರಿಗೆ ಅಲೆಯಬೇಕಿಲ್ಲ. ತಾನು ವಾಸವಿರುವ ಊರಿನಲ್ಲೇ, ಅಂದರೆ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಮಗಳ ಹೆಸರನ್ನೂ ಅರ್ಜಿದಾರಳಾಗಿ ಸೇರಿಸಿ, ಅವಳ ಖರ್ಚನ್ನು ಬೇರೆಯಾಗಿಯೇ ತೋರಿಸುವುದು ಲೇಸು. ಏಕೆಂದರೆ ಹೆಂಡತಿಯ ಜೀವನಾಂಶಕ್ಕೆ ನೂರು ತಕರಾರು ಎತ್ತಬಹುದು: ಅವಳೇ ಬಿಟ್ಟುಹೋದಳು, ಅವಳಿಗೂ ದುಡಿಮೆಯಿದೆ, ಇತ್ಯಾದಿ. ಮಗುವಿನ ಮೇಲೆ ಅಂಥ ತಕರಾರು ನಿಲ್ಲುವುದಿಲ್ಲ. ತಾಯಿಗೂ ಸಂಪಾದನೆ ಇದ್ದರೆ ಖರ್ಚು ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ, ತಂದೆಯ ಪಾಲು ಮಾಯವಾಗುವುದಿಲ್ಲ.

"ಮಗುವನ್ನೇ ತೋರಿಸದಿದ್ದ ಮೇಲೆ ದುಡ್ಡು ಯಾಕೆ?" ಎನ್ನುವ ತಂದೆಯರಿದ್ದಾರೆ. ಅವರ ಸಂಕಟ ಸುಳ್ಳೆನ್ನುವಂತಿಲ್ಲ. ಆದರೆ ಭೇಟಿಯ ಹಕ್ಕಿಗೆ ಬೇರೆ ಅರ್ಜಿ, ಬೇರೆ ಆದೇಶ. ಅದು ಸಿಗಲಿಲ್ಲವೆಂದು ಹಣ ನಿಲ್ಲಿಸುವಂತಿಲ್ಲ, ಹಣ ಬರಲಿಲ್ಲವೆಂದು ತಾಯಿ ಮಗುವನ್ನು ಬಚ್ಚಿಡುವಂತೆಯೂ ಇಲ್ಲ.

ಮೊತ್ತ ನಿಗದಿಗೆ ಹಿಂದೆ ದೊಡ್ಡ ಅಡ್ಡಿಯಾಗಿದ್ದದ್ದು ಆದಾಯ ಮುಚ್ಚಿಡುವ ಆಟ. ಅಂಗಡಿ ಅಣ್ಣನದು, ಕಾರು ಸ್ನೇಹಿತನದು, ತನಗೆ ಬರುವುದು ಎಂಟು ಸಾವಿರ ಎಂದು ಹೇಳಿ ಕೂತರೆ ಹೆಂಡತಿ ಸಾಕ್ಷಿ ಎಲ್ಲಿಂದ ತರಬೇಕು? 2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಆ ಪ್ರಕರಣದಲ್ಲಿ ನಾಗಪುರದ ಕೌಟುಂಬಿಕ ನ್ಯಾಯಾಲಯ ಹೆಂಡತಿ ಮತ್ತು ಮಗನಿಗೆ ಮಧ್ಯಂತರ ಜೀವನಾಂಶ ಗೊತ್ತುಮಾಡಿದ್ದು 2013ರ ಆಗಸ್ಟಿನಲ್ಲಿ. ಮಧ್ಯಂತರ ಮೊತ್ತದ ಜಗಳವೇ ಏಳು ವರ್ಷ ನಡೆದು ದೆಹಲಿ ಮುಟ್ಟಿತ್ತು. ಅಷ್ಟರಲ್ಲಿ ಮಗು ಎಷ್ಟು ತರಗತಿ ದಾಟಿರಬೇಡ!

ಆದೇಶ ಕೈಗೆ ಬಂದರೆ ಅರ್ಧ ದಾರಿ ಸವೆದಂತೆ, ಅಷ್ಟೆ. ಹಣ ಬಾರದಿದ್ದರೆ ಮತ್ತೆ ಅದೇ ಕೋರ್ಟಿಗೆ ವಸೂಲಿಯ ಅರ್ಜಿ ಹಾಕಬೇಕು. ನ್ಯಾಯಾಲಯ ವಾರಂಟ್ ಹೊರಡಿಸಬಹುದು. ಆಗಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲು ಮುಗಿಸಿ ಬಂದರೆ ಲೆಕ್ಕ ಚುಕ್ತಾ ಎಂದುಕೊಂಡವರು ಬಹಳ. ಹಾಗಲ್ಲ. ಜೈಲು ಹಣ ಕೊಡಿಸುವ ಉಪಾಯ, ಹಣಕ್ಕೆ ಬದಲಿಯಲ್ಲ. ಸಾಲ ಹಾಗೆಯೇ ನಿಂತಿರುತ್ತದೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಜೈಲಿಗಿಂತ ತಾಯಿಗೆ ಬೇಕಾದದ್ದು ಪ್ರತಿ ತಿಂಗಳ ಹಣ. ಅದಕ್ಕೆ ಸಂಬಳದ ಜಪ್ತಿಯೇ ಮೇಲು. ಬ್ಯಾಂಕಿನಂಥ ಸಾಮಾನ್ಯ ಸಾಲಕ್ಕೆ ಸಂಬಳ ಜಪ್ತಿ ಮಾಡುವಾಗ ಸಿವಿಲ್ ಸಂಹಿತೆ ಮೊದಲ ಸಾವಿರ ರೂಪಾಯಿಯನ್ನೂ ಉಳಿದದ್ದರ ಮೂರನೇ ಎರಡು ಪಾಲನ್ನೂ ಮುಟ್ಟಗೊಡುವುದಿಲ್ಲ. ಜೀವನಾಂಶದ ಡಿಕ್ರಿಗಾದರೆ ಕಾಪಾಡುವುದು ಮೂರನೇ ಒಂದು ಪಾಲನ್ನು ಮಾತ್ರ. ಮೂವತ್ತು ಸಾವಿರದ ಸಂಬಳದಲ್ಲಿ ಬ್ಯಾಂಕಿಗೆ ಸಿಗುವುದು ಒಂಬತ್ತು ಸಾವಿರ ಚಿಲ್ಲರೆ. ಜೀವನಾಂಶಕ್ಕೆ ಇಪ್ಪತ್ತು ಸಾವಿರದವರೆಗೆ ಹಿಡಿಯಬಹುದು. ಬ್ಯಾಂಕಿಗಿಂತ ಮಗು ದೊಡ್ಡದು ಎಂದು ಕಾನೂನು ಲೆಕ್ಕದಲ್ಲೇ ಹೇಳಿಬಿಟ್ಟಿದೆ.

ಇನ್ನೂ ನೇರವಾದ ದಾರಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 20ನೆಯ ಕಲಮಿನಲ್ಲಿದೆ. ಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಆ ಕಾಯಿದೆಯಲ್ಲಿ ಹಿಂಸೆಯೇ. ಗಂಡ ಕೊಡದಿದ್ದರೆ ಅವನ ಮಾಲೀಕನೇ ಸಂಬಳದಿಂದ ತೆಗೆದು ನೇರವಾಗಿ ಹೆಂಡತಿಗೆ ಕೊಡಬೇಕೆಂದು ಅಥವಾ ಕೋರ್ಟಿನಲ್ಲಿ ಕಟ್ಟಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಪಕ್ಕದ ಮನೆಯವರು ಹೇಳಿದ ಮಾತಿಗೆ ನಮ್ಮ ಕಾನೂನಿನಲ್ಲಿ ಅತಿ ಹತ್ತಿರದ್ದು ಇದೇ. ಇದರ ಸಂರಕ್ಷಣಾಧಿಕಾರಿಗಳು ನಮ್ಮ ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು, ಅಂದರೆ ಅಂಗನವಾಡಿಗಳ ಮೇಲ್ವಿಚಾರಣೆ ಮಾಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಮೊಟ್ಟೆ, ಹಾಲಿನ ಪುಡಿಯ ಲೆಕ್ಕದ ನಡುವೆ ಇದೂ ಅವರ ಕೆಲಸ. ಎಷ್ಟು ಹೊತ್ತು ಸಿಕ್ಕೀತು ಎಂಬುದನ್ನು ಓದುಗರೇ ಊಹಿಸಬಹುದು. ಸಂಬಳವೇ ಇಲ್ಲದ, ಸ್ವಂತ ವ್ಯಾಪಾರದ ಅಥವಾ ದಿನಗೂಲಿಯ ತಂದೆಯ ಮುಂದೆ ಈ ಕಲಮೂ ಕೈಕಟ್ಟಿ ನಿಲ್ಲುತ್ತದೆ.

ಹಾಗಾದರೆ ಸರ್ಕಾರ ತನ್ನ ಬೊಕ್ಕಸದಿಂದ ಏನೂ ಕೊಡುವುದಿಲ್ಲವೇ? ಕೊಡುತ್ತದೆ, ಬೇರೆ ಹೆಸರಿನಲ್ಲಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರವನ್ನು ಕೆಲವರು ಜೀವನಾಂಶದಂತೆ ಭಾವಿಸುವುದುಂಟು. ಅದು ಮನೆಯ ಯಜಮಾನಿಗೆ. ಬೇರೆಯಾದವಳು ಪಡಿತರ ಚೀಟಿಯಲ್ಲಿ ಇನ್ನೂ ಅತ್ತೆಮನೆಯಲ್ಲೇ ಇದ್ದರೆ ಹಣ ಅತ್ತೆಯ ಖಾತೆಗೆ! ಮಗುವಿಗೆಂದೇ ಇರುವುದು ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ತಾಯಿ ವಿಧವೆಯೋ ವಿಚ್ಛೇದಿತೆಯೋ ಕುಟುಂಬದಿಂದ ಪರಿತ್ಯಕ್ತಳೋ ಆಗಿದ್ದು, ವಾರ್ಷಿಕ ಆದಾಯ ನಗರದಲ್ಲಿ 96,000, ಹಳ್ಳಿಯಲ್ಲಿ 72,000 ರೂಪಾಯಿ ದಾಟದಿದ್ದರೆ, 2022ರ ಮಾರ್ಗಸೂಚಿಯಂತೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ತಂದೆಯ ಹೊಣೆಗೂ ಇದಕ್ಕೂ ಸಂಬಂಧವಿಲ್ಲ.

ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ದೂರವಾಣಿಯಲ್ಲಿ ಕೇಳುವುದಾದರೆ 15100.

ಕಡೆಯದಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ಒಂದು ವಿಷಯ. ಬಾಕಿಯ ವಾರಂಟಿಗೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. "ಹಬ್ಬ ಕಳೆದ ಮೇಲೆ ಕೊಡ್ತಾನಂತೆ" ಎಂದು ಕಾದವರ ಬಾಕಿಯಲ್ಲಿ ಹಳೆಯ ತಿಂಗಳುಗಳು ಒಂದೊಂದಾಗಿ ವಾರಂಟಿನ ಕೈತಪ್ಪುತ್ತವೆ. ಒಮ್ಮೆ ಅರ್ಜಿ ಹಾಕಿ ಅದು ನಡೆಯುತ್ತಿದ್ದರೆ ಮುಂದಿನ ಬಾಕಿಯನ್ನು ಅದರಲ್ಲೇ ಸೇರಿಸಿಕೊಳ್ಳಬಹುದು, ಪ್ರತಿ ಸಲ ಹೊಸ ಅರ್ಜಿ ಬೇಡ ಎಂದು 2005ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಆದರೆ ಮೊದಲ ಅರ್ಜಿ ವರ್ಷದೊಳಗೆ ಬಿದ್ದಿರಬೇಕು. ಈ ಜೂನಿನ ಫೀಸಿಗೆ ಬರಬೇಕಾದ ಹಣ ಬರಲಿಲ್ಲವೆಂದರೆ, ಮುಂದಿನ ಜೂನಿನ ಫೀಸು ಕಟ್ಟುವುದರೊಳಗೆ.